ಕೆಂಪು ಕಾರ್ಡ್‌ಗೆ ಮೇಲ್ಮನವಿ: ಯಾವಾಗ ಹಾಕಬೇಕು, ಯಾವಾಗ ಸುಮ್ಮನಿರಬೇಕು

ಫುಟ್‌ಬಾಲ್‌ನಲ್ಲಿ ತಮ್ಮ ಆಟಗಾರನಿಗೆ ಕೆಂಪು ಕಾರ್ಡ್ ಬಿದ್ದು ಮೈದಾನದಿಂದ ಹೊರಹೋಗಬೇಕಾಗಿ ಬಂದರೆ ಅಭಿಮಾನಿಗಳು ಅಂದೇ ರಾತ್ರಿ ಮೇಲ್ಮನವಿ ಹಾಕಿ ಎಂದು ಪಟ್ಟು ಹಿಡಿಯುತ್ತಾರೆ. ಆ ಸಿಟ್ಟು ಸಹಜವೇ. ಆದರೆ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಕ್ಲಬ್ ಗೆಲ್ಲಬೇಕಾದರೆ ರೆಫರಿಯ ತಪ್ಪು ಎದ್ದು ಕಾಣುವಂಥದ್ದು ಎಂದು ತೋರಿಸಬೇಕು. ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನೇಮಿಸುವ ಸ್ವತಂತ್ರ ಆಯೋಗ ವಿಡಿಯೊ ಮತ್ತು ಲಿಖಿತ ವಾದ ನೋಡಿ ತೀರ್ಪು ಕೊಡುತ್ತದೆ. 'ಹಳದಿ (ಎಚ್ಚರಿಕೆಯ ಕಾರ್ಡ್) ಕೊಟ್ಟಿದ್ದರೂ ನಡೆಯುತ್ತಿತ್ತು' ಎಂಬ ವಾದ ಅಲ್ಲಿ ಸೋಲುತ್ತದೆ. ನಡೆಯುತ್ತಿತ್ತು ಎಂದರೆ ಕೆಂಪೂ ನಡೆಯುತ್ತಿತ್ತು ಎಂದು ಒಪ್ಪಿಕೊಂಡ ಹಾಗೆಯೇ.

ಮೊದಲು ನೋಡಬೇಕಾದ್ದು ಕಾರ್ಡ್ ಯಾವ ಬಗೆಯದು ಎಂಬುದನ್ನು. ಎರಡು ಹಳದಿಯಿಂದ ಬಂದ ಕೆಂಪಾದರೆ, ಬೇರೆಯವನ ಬದಲು ಇವನಿಗೆ ಕಾರ್ಡ್ ಬಿದ್ದ ಪ್ರಸಂಗ ಬಿಟ್ಟರೆ, ಪ್ರಶ್ನಿಸಲು ದಾರಿಯೇ ಇಲ್ಲ. ಸ್ಪಷ್ಟ ಗೋಲಿನ ಅವಕಾಶ ತಡೆದ ನೇರ ಕೆಂಪಿಗೆ ಒಂದು ಪಂದ್ಯದ ಅಮಾನತು. ಅಪಾಯಕಾರಿ ಟ್ಯಾಕಲ್‌ಗೂ (ಚೆಂಡು ಕಸಿಯುವ ಯತ್ನ) ಹಿಂಸಾತ್ಮಕ ವರ್ತನೆಗೂ ಮೂರು ಪಂದ್ಯ. ಲೀಗ್‌ನಲ್ಲಿ ಬಂದ ಕೆಂಪು ಎಫ್‌ಎ ಕಪ್, ಲೀಗ್ ಕಪ್‌ಗಳಿಗೂ ಅನ್ವಯಿಸುತ್ತದೆ, ಯುರೋಪಿನ ಪಂದ್ಯಗಳಿಗಲ್ಲ. ಹಾಗಾಗಿ ಮುಂದಿನ ಮೂರು ದೇಶೀಯ ಪಂದ್ಯ ಯಾವುವು ಎಂದು ಕ್ಯಾಲೆಂಡರ್ ತೆಗೆದು ನೋಡಬೇಕು. ಅದೇ ಋತುವಿನಲ್ಲಿ ಮತ್ತೊಂದು ಕೆಂಪು ಬಂದರೆ ಶಿಕ್ಷೆಗೆ ಒಂದು ಪಂದ್ಯ ಸೇರಿಕೊಳ್ಳುತ್ತದೆ. ಆದ್ದರಿಂದ ಮೊದಲ ಕೆಂಪನ್ನು ಅಳಿಸಿಹಾಕಿದರೆ ಲಾಭ ಈ ಮೂರು ಪಂದ್ಯಕ್ಕೇ ಮುಗಿಯುವುದಿಲ್ಲ.

ಗೆದ್ದ ಪ್ರಕರಣಗಳನ್ನು ಸೋತವುಗಳ ಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. 2024ರ ಸೆಪ್ಟೆಂಬರ್ 29ರಂದು ಟಾಟೆನ್‌ಹ್ಯಾಮ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್‌ನ ಬ್ರೂನೊ ಫರ್ನಾಂಡಿಸ್ ಜೇಮ್ಸ್ ಮ್ಯಾಡಿಸನ್‌ಗೆ ಕಾಲು ತಾಗಿಸಿ ಕೆಂಪು ಕಾರ್ಡ್ ಪಡೆದರು. ಕಾಲು ಜಾರಿದ್ದು ಚಿತ್ರದಲ್ಲೇ ಕಾಣುತ್ತಿತ್ತು. ಕಾರ್ಡ್ ರದ್ದಾಯಿತು. 2025ರ ಜನವರಿ 25ರಂದು ವೂಲ್ವ್ಸ್ ವಿರುದ್ಧ ಆರ್ಸೆನಲ್‌ನ ಮೈಲ್ಸ್ ಲೂಯಿಸ್-ಸ್ಕೆಲಿಗೆ ಬಿದ್ದ ಕೆಂಪನ್ನು ವಿಎಆರ್ (ವಿಡಿಯೊ ನೋಡಿ ಪರಿಶೀಲಿಸುವ ಸಹಾಯಕ ರೆಫರಿ) ಎತ್ತಿಹಿಡಿದಿತ್ತು, ಆಯೋಗ ಅದನ್ನೂ ತೆಗೆದುಹಾಕಿತು. ವಿಎಆರ್ ನೋಡಿ ಒಪ್ಪಿದೆ ಎಂದ ಮಾತ್ರಕ್ಕೆ ಕ್ಲಬ್ ಕೈಕಟ್ಟಿ ಕೂರಬೇಕಿಲ್ಲ.

ಇನ್ನು ಸೋತವು. 2023ರ ಸೆಪ್ಟೆಂಬರ್ 30ರಂದು ಲಿವರ್‌ಪೂಲ್‌ನ ಕರ್ಟಿಸ್ ಜೋನ್ಸ್‌ಗೆ ರೆಫರಿ ಮೊದಲು ಕೊಟ್ಟಿದ್ದು ಹಳದಿ, ವಿಎಆರ್ ಬಳಿಕ ಅದು ಕೆಂಪಾಯಿತು. ಚೆಂಡಿನ ಮೇಲಿಂದ ಕಾಲು ಉರುಳಿ ಟಾಟೆನ್‌ಹ್ಯಾಮ್‌ನ ಇವ್ ಬಿಸೂಮಾರ ಪಾದದ ಗಂಟಿಗೆ ಬಡಿದಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ನಿಯಮ ಉದ್ದೇಶ ಕೇಳುವುದಿಲ್ಲ, ಎದುರಾಳಿಗೆ ಅಪಾಯವಾಯಿತೇ ಎಂದಷ್ಟೇ ಕೇಳುತ್ತದೆ. ಮೇಲ್ಮನವಿ ಬಿದ್ದುಹೋಯಿತು. 'ಅವನು ಒಳ್ಳೆಯ ಹುಡುಗ, ಬೇಕಂತ ಮಾಡಲಿಲ್ಲ' ಎಂದು ಬರೆದುಕೊಟ್ಟು ಪುಟ ತುಂಬಿಸುವುದು ವ್ಯರ್ಥ.

ಹುರುಳಿಲ್ಲದ ಮನವಿಗೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೊ ಫರ್ಡಿನಾಂಡ್ ಪ್ರಕರಣವಿದೆ. 2010ರ ಜನವರಿಯಲ್ಲಿ ಹಲ್ ಸಿಟಿಯ ಕ್ರೇಗ್ ಫೇಗನ್‌ಗೆ ಕೈ ಬೀಸಿದ್ದಕ್ಕೆ ಅವರಿಗೆ ಮೂರು ಪಂದ್ಯಗಳ ಅಮಾನತು ಕಾದಿತ್ತು. ಆರೋಪ ಅಲ್ಲಗಳೆದು ಸೋತ ಮೇಲೆ ಅದು ನಾಲ್ಕಾಯಿತು.

ಹಾಕುವುದೆಂದು ನಿರ್ಧರಿಸಿದರೆ ಕೈಯಲ್ಲಿರುವುದು ಕೆಲವೇ ಗಂಟೆ. ಸಿಕ್ಕ ಎಲ್ಲ ಕೋನದ ದೃಶ್ಯ ತೆಗೆದು, ಮೊದಲು ಸಹಜ ವೇಗದಲ್ಲಿ ತೋರಿಸಬೇಕು. ನಿಧಾನಗತಿಯಲ್ಲಿ ಸಾಧಾರಣ ತಾಗುವಿಕೆಯೂ ಘೋರವಾಗಿ ಕಾಣುತ್ತದೆ. ಬರಹದಲ್ಲಿ ವೇಗ, ತಾಗಿದ ಜಾಗ, ಬೂಟಿನ ತಳ ಮೇಲಿತ್ತೇ ಎಂಬಷ್ಟೇ ಇರಲಿ. ಮ್ಯಾನೇಜರ್ ಪತ್ರಿಕಾಗೋಷ್ಠಿಯಲ್ಲಿ ರೆಫರಿಯನ್ನು ಹೀಯಾಳಿಸಿದರೆ ಅದು ಮನವಿಗೆ ನೆರವಾಗುವುದಿಲ್ಲ, ಬೇರೊಂದು ಆರೋಪವನ್ನೇ ತರಬಹುದು.

ವಾದ ಆರೋಪಕ್ಕೆ ನೇರ ತಗುಲಬೇಕು ಎಂಬುದು ನಮ್ಮಲ್ಲೂ ಕಂಡಿದ್ದೇ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಯ ದಿಢೀರ್ ಫ್ರೀಕಿಕ್ ಗೋಲಾದ ಮೇಲೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಮೇಲ್ಮನವಿಯೂ ತಿರಸ್ಕೃತವಾಯಿತು. ಗೋಲು ಸರಿಯೋ ತಪ್ಪೋ ಎಂದು ಎಷ್ಟೇ ವಾದಿಸಲಿ, ಶಿಕ್ಷೆ ಬಿದ್ದದ್ದು ಪಂದ್ಯ ಅರ್ಧಕ್ಕೆ ಬಿಟ್ಟು ಹೊರನಡೆದಿದ್ದಕ್ಕೆ.