ಮೊಣಕಾಲೂರದ ಶುಭ ಶುಕ್ರವಾರ

ಈ ಸಲದ ಶುಭ ಶುಕ್ರವಾರ, ಯೇಸುವಿನ ಕೊನೆಯ ನಡಿಗೆಯನ್ನು ನೆನೆದು ಚರ್ಚಿನಲ್ಲಿ ಪ್ರಾರ್ಥಿಸುತ್ತಾ ಸಾಗುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಒಂದರಲ್ಲೂ ನಾನು ಮೊಣಕಾಲೂರಲಿಲ್ಲ. ಊರಲು ಆಗಲಿಲ್ಲ. ಎರಡು ವರ್ಷದಿಂದ ಸಂಧಿವಾತ. ಬೆಳಗ್ಗೆ ಎದ್ದರೆ ಬೆರಳು ಮಡಚುವುದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ, ಜಪಸರದ ಮಣಿ ಕೈಗೆ ಸಿಕ್ಕದೆ ಜಾರುತ್ತದೆ. ಎಲ್ಲರೂ ಬಗ್ಗಿ ಎದ್ದು, ಬಗ್ಗಿ ಎದ್ದು ಮುಂದೆ ಸಾಗುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತೇ ಇದ್ದೆ. ಸಂಕೋಚವಾಗುತ್ತಿತ್ತು, ಅದೇನು ಸುಳ್ಳಲ್ಲ.

ಐದನೆಯ ಸ್ಥಳ ಬಂತು. ಯೇಸುವಿನ ಶಿಲುಬೆ ಹೊತ್ತ ಸೀಮೋನ. ಇಷ್ಟು ವರ್ಷ ಅವನನ್ನು ಯೇಸುವಿಗೆ ತಾನಾಗಿ ಹೆಗಲು ಕೊಟ್ಟ ಪುಣ್ಯಾತ್ಮ ಅಂದುಕೊಂಡಿದ್ದೆ. ಮಾರ್ಕನ ಸುವಾರ್ತೆ ಹೇಳುವುದು ಹಾಗಲ್ಲ. ಹಳ್ಳಿ ಕಡೆಯಿಂದ ಬರುತ್ತಾ ಆ ದಾರಿಯಲ್ಲಿ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರುವ ಬಿಟ್ಟಿಗೆ ಹಚ್ಚಿದರು. ಬಿಟ್ಟಿ ಕೆಲಸ! ಮೊದಲ ಹತ್ತು ಹೆಜ್ಜೆಯನ್ನು ಬೈದುಕೊಂಡೇ ಹಾಕಿರಬೇಕು ಅಂತ ನನ್ನ ಊಹೆ. ಆದರೂ ಮಾರ್ಕನು ಅವನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ, ಅಲೆಕ್ಸಾಂದರ ಮತ್ತು ರೂಫ. ಓದುವವರಿಗೆ ಗುರುತಿದ್ದವರನ್ನು ಹೆಸರಿಸುವ ಧಾಟಿ ಅದು. ಬಲವಂತವಾಗಿ ಹೆಗಲಿಗೆ ಬಿದ್ದದ್ದು ಅವನ ಮನೆಯವರೆಗೂ ಹೋಗಿ ಏನೋ ಆಗಿರಬೇಕು.

ಕಾಯಿಲೆ ಬಿದ್ದಾಗಿನಿಂದ ನನಗೆ ಕಾರಣ ಹೇಳಿದವರು ಬಹಳ ಮಂದಿ. ದೇವರು ಪರೀಕ್ಷಿಸುತ್ತಿದ್ದಾರೆ, ಪ್ರಾರ್ಥನೆ ಸಾಲದು, ಹೀಗೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರಂತೂ, "ನಿವೇದನೆ ಮಾಡದ ಪಾಪ ಏನಾದರೂ ಉಳಿದಿದೆಯಾ, ನೋಡಿಕೊಳ್ಳಿ" ಅಂದರು. ಆ ಮಾತು ಕೀಲುನೋವಿಗಿಂತ ಆಳಕ್ಕೆ ಇಳಿಯಿತು. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದ್ದರು: ಪಾಪ ಇವನದೋ, ಹೆತ್ತವರದೋ? ಎರಡೂ ಅಲ್ಲ ಎಂದ ಯೇಸು ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದರು.

ಬೈಬಲಿನ ಯೋಬ ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡವನು. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗಲೂ ಯೋಬನ 'ಯಾಕೆ'ಗೆ ಉತ್ತರ ಬರುವುದಿಲ್ಲ. ನಾನು ತಡೆದು ನಿಂತದ್ದು 42ನೇ ಅಧ್ಯಾಯದ ಹತ್ತನೇ ವಚನದಲ್ಲಿ. ಯೋಬನು ಗೆಳೆಯರಿಗಾಗಿ ಪ್ರಾರ್ಥಿಸಿದಾಗ ಅವನ ದುಃಸ್ಥಿತಿ ತಿರುಗಿತು. ಯಾವ ಗೆಳೆಯರು? ಮಾತಿನಲ್ಲಿ ಚುಚ್ಚಿದ ಅವರೇ. ಕಳೆದುಕೊಂಡದ್ದು ಒಂದೂ ಮರಳಿ ಬಂದಿರಲಿಲ್ಲ, ಪ್ರಾರ್ಥನೆ ಅದಕ್ಕೂ ಮೊದಲು.

ನೋವೇ ಒಳ್ಳೆಯದು ಅಂತ ನಾನು ಹೇಳಲಾರೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಆ ಸಂಕಟದ ಪಾತ್ರೆ ತಮ್ಮಿಂದ ದಾಟಿಹೋಗಲಿ ಎಂದು ಬೇಡಿದರು. ಪ್ರೇಷಿತ ಪೌಲನೂ ತನ್ನ ಶರೀರದ ಶೂಲ ಹೋಗಲೆಂದು ದೇವರಿಗೆ ಮೂರು ಸಲ ಮೊರೆಯಿಟ್ಟ. ಅವನಿಗೆ ಬಂದ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು." ಮೊದಮೊದಲು ನನಗಿದು ಬಾಯಿ ಮುಚ್ಚಿಸುವ ಮಾತಿನಂತೆ ಕೇಳುತ್ತಿತ್ತು.

ಪೋಪ್ ಎರಡನೇ ಜಾನ್ ಪಾಲ್ 1981ರಲ್ಲಿ ಗುಂಡೇಟು ತಿಂದು ಬದುಕಿದವರು. 1983ರ ಡಿಸೆಂಬರಿನಲ್ಲಿ, ಗುಂಡು ಹೊಡೆದವನನ್ನು ಜೈಲಿಗೇ ಹೋಗಿ ಕಂಡರು. ಎರಡು ತಿಂಗಳು ಕಳೆಯುವುದರೊಳಗೆ, 1984ರ ಫೆಬ್ರುವರಿ 11ರಂದು, ಮನುಷ್ಯರ ಸಂಕಟದ ಬಗ್ಗೆಯೇ ಅವರ ಪತ್ರ ಹೊರಬಂತು. ಅದು ಶುರುವಾಗುವುದು ಕೊಲೊಸ್ಸೆಯವರಿಗೆ ಪೌಲ ಬರೆದ ಮಾತಿನಿಂದ: ಕ್ರಿಸ್ತನ ಸಂಕಟಗಳಲ್ಲಿ ಉಳಿದದ್ದನ್ನು ಸಭೆಗೋಸ್ಕರ ನನ್ನ ದೇಹದಲ್ಲಿ ತೀರಿಸುತ್ತಿದ್ದೇನೆ. ಸಭೆಗೋಸ್ಕರ, ವಿಶ್ವಾಸಿಗಳ ಸಮೂಹಕ್ಕೋಸ್ಕರ. ಅಂದರೆ ಮತ್ತೊಬ್ಬರಿಗಾಗಿ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ಪತ್ರ ನನಗೆ ಬೇರೆಯಾಗಿ ಕಂಡಿತು.

ನೋವಿಗೆ ಎಚ್ಚರವಾದ ರಾತ್ರಿಗಳಲ್ಲಿ ಈಗ ಒಂದೊಂದು ಮಣಿಗೆ ಒಬ್ಬೊಬ್ಬರ ಹೆಸರು ಹೇಳುತ್ತೇನೆ, ಈ ನೋವು ಇವರಿಗಾಗಿ ಅಂತ. ಕೆಲವು ರಾತ್ರಿ ಯಾರ ಹೆಸರೂ ನಾಲಿಗೆಗೆ ಬಾರದು, ಬರೀ ಸಿಟ್ಟು. ಆಗ ಬೈಬಲಿನ 88ನೇ ಕೀರ್ತನೆ ಓದುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಸೇರಿಸುವುದಿಲ್ಲ. ಅದಕ್ಕೇ ನನಗೆ ಅದು ಇಷ್ಟ.

ಮೊನ್ನೆ ರಾತ್ರಿ, ಪಾಪದ ಲೆಕ್ಕ ಕೇಳಿದರಲ್ಲ, ಅವರ ಹೆಸರು ಹೇಳಿದೆ. ಹಲ್ಲು ಕಚ್ಚಿಕೊಂಡೇ ಹೇಳಿದ್ದು. ನೋವೇನೂ ಇಳಿಯಲಿಲ್ಲ. ಮಣಿ ಬೆರಳಿನಿಂದ ಜಾರಿತು. ಕತ್ತಲಲ್ಲಿ ತಡಕಾಡಿ ಹಿಡಿದೆ, ಮತ್ತೆ ಅದೇ ಹೆಸರು.