ಹಿತ್ತಲಿನ ಇಳಿಜಾರಿಗೆ ಚಿತ್ರಮೂಲ ಗಿಡದ ಹೊದಿಕೆ: ಈವರೆಗಿನ ದಾಖಲೆ

ಭರಣಿ ಮಳೆಯ ಹೊತ್ತು, ಸಿದ್ಧತೆ

ಚಿತ್ರದುರ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲು ಬೇವಿನ ಮರದ ಬುಡದಿಂದ ಕಾಂಪೌಂಡ್ ಗೋಡೆಯವರೆಗೆ ಇಳಿಜಾರಾಗಿದೆ. ಮಣ್ಣು ಕೆಂಪು ಗರಸು. ಪ್ರತಿ ಬಿರುಮಳೆಗೂ ಅದರ ಮೇಲ್ಪದರ ಅಷ್ಟಷ್ಟಾಗಿ ಕೊಚ್ಚಿಹೋಗಿ ಚರಂಡಿ ಸೇರುತ್ತದೆ. ರಾಜ್ಯದ ಮಧ್ಯ ಒಣವಲಯಕ್ಕೆ ಸೇರಿದ ಈ ಭಾಗದಲ್ಲಿ ಮುಂಗಾರು ಸಾಮಾನ್ಯವಾಗಿ ಜಿಪುಣತನ ತೋರುತ್ತದೆ, ಹೇಳಿಕೊಳ್ಳುವಂಥ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುತ್ತದೆ. ಇಂಥ ಕಡೆ ಕೊಳವೆಬಾವಿಯ ನೀರನ್ನು ಹುಲ್ಲುಹಾಸಿಗೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲದೆ ಬೇವಿನ ನೆರಳಿನಲ್ಲಿ, ಅದರ ಬೇರುಗಳ ಪೈಪೋಟಿಯ ನಡುವೆ ಹುಲ್ಲು ಹೇಗೂ ನಿಲ್ಲುವುದಿಲ್ಲ.

ನೆಲ ಮುಚ್ಚುವುದಕ್ಕೆಂದು ನರ್ಸರಿಯಲ್ಲಿ ಮೊದಲು ತೋರಿಸಿದ್ದು ಹಳದಿ ಹೂವಿನ ವೆಡೆಲಿಯ. ಅದು ಬೇಗ ಹಬ್ಬುತ್ತದೆ ಎಂಬುದು ನಿಜ. ಆದರೆ ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯಿಂದ ಬಂದ ಆ ಬಳ್ಳಿ ಜಗತ್ತಿನ ಕೆಟ್ಟ ಆಕ್ರಮಣಕಾರಿ ಸಸ್ಯಗಳ ಪಟ್ಟಿಯಲ್ಲಿದೆ, ಚರಂಡಿ ದಾಟಿ ಪಕ್ಕದ ಹೊಲಕ್ಕೆ ಇಳಿದರೆ ತಡೆಯುವವರು ಯಾರು? ಆದ್ದರಿಂದ ನಮ್ಮ ಬೇಲಿಸಾಲುಗಳಲ್ಲೂ ಕುರುಚಲು ಕಾಡಿನಲ್ಲೂ ತಾನಾಗಿ ಬೆಳೆಯುವ ಬಿಳಿ ಹೂವಿನ ಚಿತ್ರಮೂಲವನ್ನೇ ಆರಿಸಿಕೊಂಡೆ. ಇದು ಲಿನೇಯಸ್ 1753ರಲ್ಲಿ ಪ್ಲಂಬಾಗೋ ಝೆಲಾನಿಕ ಎಂದು ಹೆಸರಿಸಿದ ಗಿಡ. ತೋಟಗಳಲ್ಲಿ ಕಾಣುವ ನೀಲಿ ಹೂವಿನದು ದಕ್ಷಿಣ ಆಫ್ರಿಕದಿಂದ ಬಂದ ಬೇರೆ ಜಾತಿ. ಚಿತ್ರಮೂಲ ನೆಟ್ಟಗೆ ನಿಲ್ಲುವ ಪೊದೆಯಲ್ಲ. ಅದರ ಕೊಂಬೆಗಳು ಸ್ವಲ್ಪ ಎತ್ತರಕ್ಕೆ ಹೋಗಿ, ತಮ್ಮ ಭಾರಕ್ಕೆ ತಾವೇ ಬಾಗಿ, ನೆಲದ ಮೇಲೆ ಒರಗಿಕೊಳ್ಳುತ್ತವೆ. ಬೇಲಿಗೆ ಇದು ದೋಷವಾದೀತು, ಇಳಿಜಾರಿಗೆ ಬೇಕಾದದ್ದೇ ಈ ಗುಣ.

ಪರಿಚಿತರೊಬ್ಬರ ತೋಟದ ಬೇಲಿಯಿಂದ ಅರೆಬಲಿತ ಕಡ್ಡಿಗಳನ್ನು ತಂದು, ಮೂರು ಗಣ್ಣು ಉಳಿಯುವಂತೆ ತುಂಡರಿಸಿ, ಮರಳು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲಗಳಲ್ಲಿ ನೆರಳಿನಲ್ಲಿ ಇಟ್ಟೆ. ಎಳೆಯ ತುದಿಗಳು ಕೊಳೆತವು. ಪೆನ್ಸಿಲಿಗಿಂತ ತುಸು ತೆಳ್ಳಗಿನ, ಹಸಿರು ಇನ್ನೂ ಪೂರ್ತಿ ಹೋಗದ ಕಡ್ಡಿಗಳು ಚೆನ್ನಾಗಿ ಚಿಗುರಿದವು.

ಆರಿದ್ರ ಮಳೆ, ನಾಟಿ

ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು, ಒಂದೂವರೆ ಅಡಿಗೆ ಒಂದರಂತೆ ನೆಟ್ಟಿದ್ದೇನೆ. ಪ್ರತಿ ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಚಿಕ್ಕ ಏರಿ. ಹರಿದು ಬಂದ ನೀರು ಅಲ್ಲಿ ಅರೆಗಳಿಗೆ ನಿಂತು ಇಂಗುತ್ತದೆ. ನಡುವಿನ ಖಾಲಿ ಜಾಗಕ್ಕೆ ಬೇವಿನ ತರಗೆಲೆಯನ್ನು ಹರಡಿದೆ. ಗೊಬ್ಬರ ಹೆಚ್ಚು ಹಾಕಲಿಲ್ಲ. ಕೊಬ್ಬಿದ ಗಿಡದ ಕೊಂಬೆಗಳ ಗಣ್ಣುಗಳು ದೂರ ದೂರವಾಗಿ, ಹೊದಿಕೆ ಜಾಳಾಗುತ್ತದೆ.

ಬೇರಿನ ಬಗ್ಗೆ ಒಂದು ಮಾತು. ಆಯುರ್ವೇದದಲ್ಲಿ ಚಿತ್ರಕವೆಂದು ಬಳಸುವುದು ಇದೇ ಬೇರನ್ನು. ಅದರಲ್ಲಿರುವ ಪ್ಲಂಬಾಜಿನ್ ಎಂಬ ಹಳದಿ ದ್ರವ್ಯ ಹಸಿಯಾಗಿ ಚರ್ಮಕ್ಕೆ ತಗುಲಿದರೆ ಉರಿದು ಬೊಬ್ಬೆ ಏಳುತ್ತದೆ. ಗರ್ಭಿಣಿಯರಿಗೆ ಇದು ಅಪಾಯಕಾರಿ ಎಂಬುದೂ ಪ್ರಸಿದ್ಧ. ಹಾಗಾಗಿ ಅಗೆಯುವಾಗ ಕೈಗವಸು ಹಾಕಿಕೊಳ್ಳುತ್ತೇನೆ, ಮಕ್ಕಳು ಮಣ್ಣಾಟ ಆಡುವ ಮೂಲೆಯಲ್ಲಿ ಇದನ್ನು ನೆಟ್ಟಿಲ್ಲ.

ಹಸ್ತ ಮಳೆಯಿಂದ ಸಂಕ್ರಾಂತಿಯವರೆಗೆ

ನಿಜವಾದ ಬೆಳವಣಿಗೆ ಶುರುವಾದದ್ದು ಈಗಲೇ. ಮುಂಗಾರಿನಲ್ಲಿ ಬೇರು ಕೂತಿದ್ದ ಗಿಡಗಳು ಹಸ್ತ, ಚಿತ್ತೆಯ ಮಳೆಗೆ ಒಮ್ಮೆಲೇ ಕೊಂಬೆ ಚಾಚಿದವು. ಮೊಣಕಾಲೆತ್ತರಕ್ಕೆ ಬಂದವುಗಳನ್ನು ಗೇಣೆತ್ತರಕ್ಕೆ ಕತ್ತರಿಸಿದೆ. ಕೈ ಬರಲು ಹಿಂಜರಿಯುವ ಕೆಲಸ ಇದು, ಆದರೆ ಕತ್ತರಿಸದೆ ಬಿಟ್ಟ ಸಾಲಿನಲ್ಲಿ ಬುಡ ಬರಿದಾಗಿಯೇ ಉಳಿದರೆ, ಕತ್ತರಿಸಿದ ಸಾಲಿನಲ್ಲಿ ಬುಡದಿಂದಲೇ ನಾಲ್ಕೈದು ಕವಲು ಒಡೆದು ನೆಲ ಕಾಣದಾಯಿತು.

ದೀಪಾವಳಿಯ ಆಸುಪಾಸಿನಿಂದ ಹೂವು. ಹೂವಿಗಿಂತ ದಳಗಳ ಬುಡವನ್ನು ಸುತ್ತುವ ಅದರ ಪುಷ್ಪಪಾತ್ರೆಯನ್ನು ಹತ್ತಿರದಿಂದ ನೋಡಬೇಕು: ಹಸಿರು ಕೊಳವೆಯ ಸುತ್ತ ಗುಂಡುಸೂಜಿಯಂಥ ರೋಮಗಳು, ಪ್ರತಿಯೊಂದರ ತುದಿಯಲ್ಲೂ ಮಿನುಗುವ ಅಂಟಿನ ಹನಿ. ಅದಕ್ಕೆ ಸಿಕ್ಕಿ ಸತ್ತ ಸಣ್ಣ ಇರುವೆಗಳು ಹಲವು ಕಡೆ ಕಂಡವು. ಕಾಯಿ ಬಲಿತ ಮೇಲೂ ಅಂಟು ಹೋಗುವುದಿಲ್ಲ. ಪ್ಯಾಂಟಿಗೆ, ನಾಯಿಯ ಮೈಗೆ ಹತ್ತಿಕೊಂಡೇ ಬೀಜ ಊರೂರು ಸುತ್ತುತ್ತದೆ. ಓಡಾಡುವ ದಾರಿಯ ಅಂಚಿಗೆ ಇದನ್ನು ನೆಡಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ. ಜೀಬ್ರಾ ಬ್ಲೂ ಚಿಟ್ಟೆ ಮೊಗ್ಗುಗಳ ಮೇಲೆ ಮೊಟ್ಟೆಯಿಟ್ಟಿತ್ತು. ಹುಳುಗಳು ಒಂದಷ್ಟು ಮೊಗ್ಗು ತಿಂದವು. ಅದಕ್ಕೆ ಔಷಧಿ ಹೊಡೆಯುವ ಪ್ರಶ್ನೆಯೇ ಇಲ್ಲ.

ಶಿವರಾತ್ರಿ ಕಳೆದ ಮೇಲೆ

ಬೇವಿನ ಕೆಳಗಿನ ಸಾಲುಗಳು ಹಸಿರಾಗಿಯೇ ಉಳಿದಿವೆ. ಗೋಡೆಯ ಪಕ್ಕದ ಸಾಲಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವುದರಿಂದ ಎಲೆ ಸಣ್ಣದಾಗಿ, ಕೆಂಪಾಗಿ, ಅರ್ಧದಷ್ಟು ಉದುರಿತು. ಗೋಡೆ ಸಂಜೆಯಾದ ಮೇಲೂ ಶಾಖ ಉಗುಳುತ್ತಿರುತ್ತದೆ. ಆದರೂ ಉಗುರಿನಿಂದ ಗೀರಿದರೆ ಕೊಂಬೆಯೊಳಗೆ ಹಸಿರು ಇತ್ತು. ಈ ಸಾಲಿಗೆ ಮಾತ್ರ ಎರಡು ವಾರಕ್ಕೊಮ್ಮೆ ಕೊಡದ ಲೆಕ್ಕದಲ್ಲಿ ನೀರು ಹಾಕಿದೆ, ಉಳಿದವಕ್ಕೆ ಏನೂ ಇಲ್ಲ.

ಎರಡನೆಯ ವರ್ಷದ ಪುನರ್ವಸು

ಉದುರಿಸಿಕೊಂಡ ಸಾಲೂ ಮೊದಲ ಹದ ಮಳೆಗೆ ಬುಡದಿಂದ ಚಿಗುರಿದೆ. ಇನ್ನೂ ಬೋಳಾಗಿದ್ದ ಕಡೆ ಹೊಸ ಸಸಿ ನೆಡದೆ, ಪಕ್ಕದ ಗಿಡದ ಬಾಗಿದ ಕೊಂಬೆಯ ಗಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹೊರಿಸಿ, ಕಲ್ಲಿಟ್ಟಿದ್ದೆ. ಹೆಚ್ಚಿನವು ಬೇರು ಬಿಟ್ಟಿವೆ. ಕಳೆದ ವಾರದ ಜೋರು ಮಳೆಯಲ್ಲಿ ಚರಂಡಿಗೆ ಇಳಿದ ನೀರು ಪೂರ್ತಿ ತಿಳಿಯಾಗಿರಲಿಲ್ಲ, ಗೋಡೆಯ ಬಳಿ ಕೆಂಪು ಹರಿವು ಇನ್ನೂ ಇದೆ. ಅಲ್ಲಿ ಚಿತ್ರಮೂಲದ ಜೊತೆಗೆ ತಂಗಡಿ ಪೊದೆಯನ್ನು ಅಂತರ ಬಿಟ್ಟು ನೆಟ್ಟು ಬಿಸಿಲಿಗೆ ಒಂದಿಷ್ಟು ಮರೆ ಮಾಡುವ ಯೋಚನೆಯಿದೆ. ಬೀಜವನ್ನು ನೆನೆಹಾಕಿದ್ದೇನೆ, ಪುಷ್ಯ ಮಳೆಗೆ ಮುನ್ನ ಊರಬೇಕು.