ಮೇಷ್ಟ್ರ ಫೈಲು ಹುಡುಕಿದ ಮೂರು ದಿನ

ಸಾಗರದ ಒಂದು ಡಿಟಿಪಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಕೋರ್ಟಿನ ಅರ್ಜಿ, ಸೊಸೈಟಿಯ ವಾರ್ಷಿಕ ವರದಿ, ಬಿಲ್ ಬುಕ್ಕು, ಇವೇ ನಮ್ಮ ಕೆಲಸ. ಇದರ ಜೊತೆಗೆ ಈಚೆಗೆ ಇನ್ನೊಂದು ಕೆಲಸ ತಾನಾಗೇ ಸೇರಿಕೊಂಡಿದೆ. "ಡ್ರೈವಲ್ಲಿ ಇಟ್ಟಿದ್ದೆ, ಈಗ ಕಾಣ್ತಾ ಇಲ್ಲ" ಅಂತ ಬರುವವರಿಗೆ ಫೈಲು ಹುಡುಕಿಕೊಡುವುದು.

ಹೋದ ಮಳೆಗಾಲದಲ್ಲಿ ಹಾಗೆ ಬಂದವರು ನಿವೃತ್ತ ಮೇಷ್ಟ್ರು ಒಬ್ಬರು. ಅವರ ಊರು ಈಗ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅವರು ಶಾಲೆಗೆ ಹೋಗುವ ಹುಡುಗ. ಯಾರ ಮನೆ ಎಲ್ಲಿತ್ತು, ಯಾರ ಗದ್ದೆಗೆ ಯಾವ ಹೆಸರು, ಎತ್ತಿನಗಾಡಿ ಕಟ್ಟಿಕೊಂಡು ಯಾರು ಯಾವ ಕಡೆ ಹೋದರು ಅಂತ ನಾಲ್ಕು ವರ್ಷದಿಂದ ಬರೆಯುತ್ತಿದ್ದಾರೆ. ಅವರ ನೋಟ್‌ಬುಕ್ ನೋಡಿಕೊಂಡು ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದವಳು ನಾನೇ. ಒಂದೊಂದು ಅಧ್ಯಾಯ ಮುಗಿದಾಗಲೂ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದೆ. ಮನೆಗೆ ಹೋಗಿ ಅವರು ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಿದ್ದರು. ಆ ಲ್ಯಾಪ್‌ಟಾಪಿಗೆ ಮಗ, ಫೈಲನ್ನು ಇಂಟರ್ನೆಟ್ಟಿನಲ್ಲೂ ಇಡುವ ಗೂಗಲ್ ಡ್ರೈವ್ ಹಾಕಿಕೊಟ್ಟಿದ್ದ.

"ಏನಮ್ಮಾ, ನನ್ನ ಪುಸ್ತಕವೇ ಹೋಯ್ತಲ್ಲ" ಅಂದರು. ಕೊಡೆ ಮಡಚುವುದಕ್ಕೂ ಕೈ ಬರುತ್ತಿರಲಿಲ್ಲ ಅವರಿಗೆ. ಅಂಗಡಿಯಲ್ಲಿದ್ದ ಪ್ರತಿ ಹಳೆಯದು. ತಿದ್ದಿದ್ದೆಲ್ಲ ಅವರ ಹತ್ತಿರವೇ ಇತ್ತು.

ಲ್ಯಾಪ್‌ಟಾಪು ತೆಗೆಯುವ ಮೊದಲೇ ನಾನು ಕೇಳಿದ್ದು, "ಕಾಣ್ತಾ ಇಲ್ಲ ಅಂತ ಗೊತ್ತಾದ ಮೇಲೆ ಏನೇನು ಮಾಡಿದ್ರಿ ಸರ್?" ಅವರು ಏನೂ ಮಾಡಿರಲಿಲ್ಲ. ಮಗ ಫೋನಿನಲ್ಲಿ, ಅಕೌಂಟ್ ತೆಗೆದು ಮತ್ತೆ ಹಾಕಿ ನೋಡಿ ಅಂದಿದ್ದನಂತೆ. ಇವರಿಗೆ ಅದು ಬರಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದಾಯಿತು.

ಈ ಪ್ರಶ್ನೆ ನಾನು ಕಲಿತದ್ದು ಒಂದು ತಪ್ಪಿನಿಂದ. 2022ರಲ್ಲಿ ಕಾಲೇಜು ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಕಾಣುತ್ತಿಲ್ಲ ಅಂತ ಬಂದಿದ್ದಳು. ನಾನು ಅವಸರದಲ್ಲಿ ಲ್ಯಾಪ್‌ಟಾಪಿನಿಂದ ಅಕೌಂಟ್ ತೆಗೆದು ಮತ್ತೆ ಸೇರಿಸಿದೆ. ಅವಳ ರಿಪೋರ್ಟು ಇನ್ನೂ ಮೇಲಕ್ಕೆ, ಅಂದರೆ ಇಂಟರ್ನೆಟ್ಟಿನ ಡ್ರೈವಿಗೆ, ಹೋಗಿರಲೇ ಇಲ್ಲ. ಡ್ರೈವ್ ತನ್ನದೇ ಒಂದು ಒಳಗಿನ ಫೋಲ್ಡರಿನಲ್ಲಿ ಅದನ್ನು ಇಟ್ಟುಕೊಂಡಿತ್ತು. ಅಕೌಂಟ್ ತೆಗೆದಾಗ ಅದೂ ಹೋಯಿತು. ಅವಳು ಮೂರು ರಾತ್ರಿ ಕೂತು ಮತ್ತೆ ಟೈಪ್ ಮಾಡಿದಳು. ನಾನು ದುಡ್ಡು ತೆಗೆದುಕೊಳ್ಳದೆ ಪ್ರಿಂಟ್ ಹಾಕಿಕೊಟ್ಟೆ. ಅದರಿಂದ ಏನೂ ಸರಿಹೋಗಲಿಲ್ಲ ಅನ್ನುವುದು ನನಗೆ ಗೊತ್ತು.

2023ರ ನವೆಂಬರಿನಲ್ಲಿ ಬೇರೆ ಬೇರೆ ದೇಶಗಳ ಜನ, ಕಂಪ್ಯೂಟರಿನ ಡ್ರೈವ್ ಆ್ಯಪಿನಲ್ಲಿ ಫೈಲು ಮಾಯವಾಗಿದೆ ಅಂತ ದೂರಿದರು. ಆ್ಯಪಿನ 84ನೇ ಆವೃತ್ತಿಯ ತೊಂದರೆ ಅದು. ಆಗ ಗೂಗಲ್ ಮೊದಲು ಹೇಳಿದ್ದೂ ಇದನ್ನೇ. 'ಡಿಸ್ಕನೆಕ್ಟ್ ಅಕೌಂಟ್' ಒತ್ತಬೇಡಿ, ಆ್ಯಪಿನ ಒಳಗಿನ ಫೋಲ್ಡರ್ ಅಳಿಸಬೇಡಿ, ಬೇರೆ ಕಡೆಗೆ ಸರಿಸಲೂ ಬೇಡಿ. ಆಮೇಲೆ 85ನೇ ಆವೃತ್ತಿಯಲ್ಲಿ ಫೈಲು ವಾಪಸ್ ತರುವ ದಾರಿ ಕೊಟ್ಟರು. ಕೈ ಹಾಕದೆ ಕಾದವರ ಫೋಲ್ಡರಿನಲ್ಲಿ ವಾಪಸ್ ತರುವುದಕ್ಕೆ ಏನಾದರೂ ಉಳಿದಿತ್ತು. ಅದನ್ನು ಓದಿದ ದಿನ ಆ ಹುಡುಗಿಯ ಮುಖ ನೆನಪಾಯಿತು.

ನನ್ನ ಎರಡನೇ ಪ್ರಶ್ನೆ, "ಯಾವ ಅಕೌಂಟು?" ನಮ್ಮ ಕಡೆ ಇದು ಬಹಳ ಮುಖ್ಯ. ಹೊಸ ಫೋನ್ ತಗೊಂಡಾಗಲೆಲ್ಲ ಮೊಬೈಲ್ ಅಂಗಡಿಯವರು ಹೊಸ ಜಿಮೇಲ್ ಮಾಡಿಕೊಡುತ್ತಾರೆ. ಪಾಸ್‌ವರ್ಡ್ ಬರೆದ ಚೀಟಿ ಕಳೆದುಹೋಗುತ್ತದೆ. ಮೇಷ್ಟ್ರಿಗೆ ಮೂರು ಜಿಮೇಲ್ ಇದ್ದವು. ಫೋನಿನಲ್ಲಿ ಇದ್ದದ್ದು ಒಂದು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಅವರು ಎರಡು ದಿನದಿಂದ ಫೋನಿನಲ್ಲಿ ಹುಡುಕುತ್ತಿದ್ದರು. ಆ ಅಕೌಂಟಿನಲ್ಲಿ ಪುಸ್ತಕ ಯಾವತ್ತೂ ಇರಲಿಲ್ಲ.

ಸರಿಯಾದ ಅಕೌಂಟಿಗೆ ಹೋದರೂ ಫೋಲ್ಡರ್ ಇಲ್ಲ. ಮತ್ತೆ ಕೇಳಿದೆ. ಆಗ ಹೇಳಿದರು: ಲ್ಯಾಪ್‌ಟಾಪ್ ತುಂಬಿ ಕೆಂಪು ಗೆರೆ ಬಂದಿತ್ತು. ಹೇಗೂ ಮೇಲೆ ಇದೆಯಲ್ಲ ಅಂತ ಇಲ್ಲಿಯದನ್ನು ಅಳಿಸಿದರು. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದರು.

ಈ ತಪ್ಪನ್ನು ನಾನು ಎಷ್ಟು ಜನರಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ತಪ್ಪು ಅನ್ನುವುದಕ್ಕೂ ಮನಸ್ಸು ಬರಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಇಲ್ಲಿ ಒಂದು ಪೆಟ್ಟಿಗೆ, ಮೇಲೆ ಇನ್ನೊಂದು ಪೆಟ್ಟಿಗೆ ಅಂತ ಜನ ಅಂದುಕೊಳ್ಳುತ್ತಾರೆ. ಸಿಂಕ್ ಆದ ಫೋಲ್ಡರ್, ಅಂದರೆ ಎರಡು ಕಡೆಯೂ ಒಂದೇ ಥರ ಇರುವಂತೆ ಜೋಡಿಸಿದ್ದು, ಒಂದೇ ಕೋಣೆ, ಬಾಗಿಲು ಮಾತ್ರ ಎರಡು. ಈ ಬಾಗಿಲಿಂದ ಹೊರಗೆ ಹಾಕಿದ್ದು ಆ ಬಾಗಿಲಿಂದ ನೋಡಿದರೂ ಇರಲ್ಲ. ಮೇಷ್ಟ್ರಿಗೆ ಹೀಗೆ ಹೇಳಿದಾಗ ತಕ್ಷಣ ಅರ್ಥವಾಯಿತು. ಜಾಗ ಬೇಕಿದ್ದರೆ ಅಳಿಸುವ ಬದಲು ಸೆಟ್ಟಿಂಗ್ಸ್‌ಗೆ ಹೋಗಿ 'ಮಿರರ್ ಫೈಲ್ಸ್' (ಎಲ್ಲಾ ಫೈಲು ಕಂಪ್ಯೂಟರಿನಲ್ಲೂ ಇರುವ ರೀತಿ) ಇದ್ದದ್ದನ್ನು 'ಸ್ಟ್ರೀಮ್ ಫೈಲ್ಸ್' (ಬೇಕಾದಾಗ ಮಾತ್ರ ಇಳಿಸಿಕೊಳ್ಳುವ ರೀತಿ) ಮಾಡಬೇಕಿತ್ತು. ಕಂಪ್ಯೂಟರಿನಲ್ಲಿ ಉಳಿದ ಹಳೆಯ ಫೋಲ್ಡರ್ ತೆಗೆಯುವುದು ಅದಾದ ಮೇಲೆ.

ಅಳಿಸಿ ಎಷ್ಟು ದಿನ ಆಯಿತು ಅನ್ನುವುದೇ ಈಗ ಪ್ರಶ್ನೆ. ಮೊದಲೆಲ್ಲ ಡ್ರೈವಿನ ಟ್ರ್ಯಾಶಿಗೆ, ಅಂದರೆ ಅಳಿಸಿದ್ದು ಬೀಳುವ ಬುಟ್ಟಿಗೆ, ಹೋದದ್ದು ನಾವಾಗಿ ತೆಗೆಯುವ ತನಕ ಅಲ್ಲೇ ಇರುತ್ತಿತ್ತು. 2020ರ ಅಕ್ಟೋಬರ್ 13ರಿಂದ ಅದು ಬದಲಾಗಿದೆ. 30 ದಿನ ಆದರೆ ತಾನಾಗೇ ಹೋಗುತ್ತದೆ. ಮೇಷ್ಟ್ರಿಗೆ ತಾರೀಖು ನೆನಪಿರಲಿಲ್ಲ. "ಆ ದೊಡ್ಡ ಮಳೆಗೆ ಎರಡು ದಿನ ಕರೆಂಟ್ ಇರ್ಲಿಲ್ಲ ನೋಡು, ಅದರ ಮಾರನೇ ದಿನ" ಅಂದರು. ಕ್ಯಾಲೆಂಡರ್ ನೋಡಿದೆ. 22 ದಿನ ಆಗಿತ್ತು.

ವೆಬ್‌ನಲ್ಲಿ ಡ್ರೈವ್ ತೆಗೆದು ಟ್ರ್ಯಾಶಿಗೆ ಹೋದೆ. ಕೆಲವರಲ್ಲಿ ಅದಕ್ಕೆ ಬಿನ್ ಅಂತ ಹೆಸರಿರುತ್ತದೆ. ಹುಡುಕುವ ಜಾಗದಲ್ಲಿ ಕನ್ನಡದಲ್ಲಿ ಊರಿನ ಹೆಸರು ಹಾಕಿದರೆ ಏನೂ ಸಿಗಲ್ಲ ಅಂತ ಗೊತ್ತಿತ್ತು. ಕನ್ನಡ ಡಿಟಿಪಿ ಮಾಡುವವರು ಇದನ್ನು ನೆನಪಿಡಬೇಕು. ಹಳೆಯ ನುಡಿ ಫಾಂಟಿನ ಫೈಲಿನಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಯೂನಿಕೋಡ್ ಕನ್ನಡದಲ್ಲಿ, ಅಂದರೆ ಈಗ ಫೋನಿನಲ್ಲಿ ಟೈಪ್ ಮಾಡುವಂಥ ಕನ್ನಡದಲ್ಲಿ, ಕೇಳಿದರೆ ಗೂಗಲ್‌ಗೆ ಅದು ಗೊತ್ತಾಗಲ್ಲ. ಹಾಗಾಗಿ ಅಳಿಸಿದ ತಾರೀಖಿನ ಪ್ರಕಾರ ಜೋಡಿಸಿ ಒಂದೊಂದೇ ನೋಡುತ್ತ ಇಳಿದೆ. ಮೇಷ್ಟ್ರು ನನ್ನ ಹೆಗಲ ಹಿಂದೆ ನಿಂತಿದ್ದರು. ಫೋಲ್ಡರ್ ಅಲ್ಲೇ ಇತ್ತು. 'ರಿಸ್ಟೋರ್' ಒತ್ತಿದೆ. ಅಧ್ಯಾಯಗಳೆಲ್ಲ ಮೊದಲಿನ ಜಾಗಕ್ಕೇ ಬಂದವು.

ಅವರು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ತೆಗೆಸಿ ನೋಡಿದರು. ಎಲ್ಲಾ ನೋಡಿ ಮುಗಿಸಿ ಕೇಳಿದರು, "ಫೋಟೋ ಎಲ್ಲಿ?"

143 ಫೋಟೋ. ಊರು ಬಿಟ್ಟು ಬಂದವರ ಮನೆಮನೆಗೆ ಹೋಗಿ, ಗೋಡೆ ಮೇಲಿನ ಪಟ, ಟ್ರಂಕಿನೊಳಗಿನ ಆಲ್ಬಮ್ ಎಲ್ಲಾ ಫೋನಿನಲ್ಲಿ ತೆಗೆಸಿದ್ದರು. ತೆಗೆದವನು ಅವರ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿದ್ದಾನೆ. ಟ್ರ್ಯಾಶ್ ಪೂರ್ತಿ ನೋಡಿದೆ, ಒಂದೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಹೊಳೆಯಿತು. ಆ ಫೋಲ್ಡರ್ ಮೇಷ್ಟ್ರದ್ದೇ ಅಲ್ಲ. ಅವನು ತನ್ನ ಡ್ರೈವಿನಲ್ಲಿ ಇಟ್ಟು ಇವರಿಗೆ ಶೇರ್ ಮಾಡಿದ್ದ. ನಾಲ್ಕು ವರ್ಷದಿಂದ ದಿನಾ ತೆಗೆದು ನೋಡುತ್ತಿದ್ದರಿಂದ ಅದು ತಮ್ಮದೇ ಅಂತ ಇವರಿಗೆ ಅನಿಸಿತ್ತು. ಶೇರ್ ಮಾಡಿದವರು ಅಳಿಸಿದರೆ ಅದು ಅವರ ಟ್ರ್ಯಾಶಿಗೆ ಹೋಗುತ್ತದೆ, ನಮ್ಮದಕ್ಕೆ ಬರಲ್ಲ.

ಫೋನ್ ಮಾಡಿಸಿದೆ. "ಸರ್, 15 ಜಿಬಿ ತುಂಬಿಹೋಗಿ ಮೇಲ್ ಬರೋದೇ ನಿಂತಿತ್ತು. ನಿಮ್ಮ ಹತ್ರ ಇದೆ ಅಂದ್ಕೊಂಡು ತೆಗೆದೆ" ಅಂದ. ಟ್ರ್ಯಾಶಿನಲ್ಲಿ ಇರುವುದೂ ಆ 15 ಜಿಬಿ ಲೆಕ್ಕಕ್ಕೇ ಸೇರುವುದರಿಂದ ಅದನ್ನೂ ಖಾಲಿ ಮಾಡಿದ್ದ. ಅವನ ದನಿ ನಡುಗುತ್ತಿತ್ತು. ಮೇಷ್ಟ್ರು ಅವನಿಗೆ ಒಂದು ಮಾತೂ ಅನ್ನಲಿಲ್ಲ.

ಆದರೆ ಫೋನಿನಲ್ಲಿ ತೆಗೆದ ಫೋಟೋ ಅಲ್ವಾ? ಗೂಗಲ್ ಫೋಟೋಸ್ ನೋಡು ಅಂದೆ. ಡ್ರೈವಿನಲ್ಲಿ ಅಳಿಸಿದರೆ ಅಲ್ಲಿಯದು ಹೋಗಲ್ಲ, ಅವೆರಡೂ ಬೇರೆ ಬೇರೆ. ಬ್ಯಾಕಪ್ ಆದ ಫೋಟೋ ಅಲ್ಲಿನ ಟ್ರ್ಯಾಶಿನಲ್ಲಿ 60 ದಿನ ಇರುತ್ತದೆ. ಮೂರನೇ ದಿನ ಸಂಜೆ ಹೊತ್ತಿಗೆ ಅವನು 131 ಕಳಿಸಿದ. ಅಲ್ಲಿನ ಟ್ರ್ಯಾಶಿನಿಂದ ಇನ್ನೂ ಎಂಟು ಸಿಕ್ಕವು. ನಾಲ್ಕು ಸಿಗಲೇ ಇಲ್ಲ.

ಈಗ ಯಾರಿಗೆ ಕೆಲಸ ಮಾಡಿಕೊಟ್ಟರೂ ಒಂದು ಚೀಟಿ ಬರೆದುಕೊಡುತ್ತೇನೆ. ಯಾವ ಅಕೌಂಟ್, ಯಾವ ಫೋಲ್ಡರ್, ಅದರ ಓನರ್ ಯಾರು. ಬೇರೆಯವರು ಶೇರ್ ಮಾಡಿದ್ದರೆ ಅವತ್ತೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲು ಹೇಳುತ್ತೇನೆ. ಮೇಷ್ಟ್ರಿಗೆ ಎರಡು ಹಾರ್ಡ್ ಡಿಸ್ಕ್ ಕೊಡಿಸಿದೆ. ಒಂದು ಮನೆಯಲ್ಲಿ, ಒಂದು ಮಗಳ ಮನೆಯಲ್ಲಿ. ಸಿಂಕ್ ಗೊಡವೆಯೇ ಇಲ್ಲ, ಸುಮ್ನೆ ಕಾಪಿ.

ಆ ನಾಲ್ಕೂ ತಾಳಗುಪ್ಪದ ಕಡೆಯ ಒಂದೇ ಮನೆಯವು. ಮೇಷ್ಟ್ರು ಬಸ್ಸು ಹತ್ತಿ ಮತ್ತೆ ಹೋಗಿದ್ದರು. ಅಜ್ಜಿ ತೀರಿಕೊಂಡಿದ್ದಾರೆ, ಆಲ್ಬಮ್ಮನ್ನು ಮಕ್ಕಳು ಹಂಚಿಕೊಂಡಿದ್ದಾರೆ. ಎರಡು ಫೋಟೋ ಸಿಕ್ಕವು. ಇನ್ನೆರಡು ಯಾರ ಪಾಲಿಗೆ ಹೋದವು ಅಂತ ವಿಚಾರಿಸುತ್ತಿದ್ದಾರೆ. ಆ ಎರಡು ಪುಟಗಳಲ್ಲಿ ಫೋಟೋ ಅಳತೆಗೆ ಚೌಕ ಬಿಟ್ಟು, ಕೆಳಗೆ ಹೆಸರು ಟೈಪ್ ಮಾಡಿ ಇಟ್ಟಿದ್ದೇನೆ.